ಮನಸ್ಸಾಕ್ಷಿಗೆ ತೆತ್ತ ಬೆಲೆ

ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿಯ ಮೇಲ್ಭಾಗದಲ್ಲಿ, ಗೊರೂರು ಅಣೆಕಟ್ಟಿನ ಹಿನ್ನೀರಿನ ನಡುವೆ, ಶೆಟ್ಟಿಹಳ್ಳಿಯ ಪಾಳು ಇಗರ್ಜಿ ನಿಂತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಆ ಮಂದಿರ ಕ್ಯಾಥೊಲಿಕ್ ಪಂಥದ್ದು. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಾದರೋ ಪ್ರಾಟೆಸ್ಟಂಟ್ ಪಂಥದ ವೆಸ್ಲಿಯನ್ ಮಿಷನ್ನಿನವರ ಸೇವೆಯ ಫಲ. ಜಿಲ್ಲೆಯ ಜನ ಎರಡನ್ನೂ ‘ಕ್ರೈಸ್ತರದು’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಹದಿನಾರನೆಯ ಶತಮಾನದ ಯೂರೋಪಿನಲ್ಲಿ ಇವೆರಡರ ನಡುವಣ ಗೆರೆಯನ್ನು ದಾಟುವುದು ಪ್ರಾಣಾಂತಿಕವಾದ ಕಾರ್ಯವಾಗಿತ್ತು. ಅದನ್ನು ದಾಟಿದ ಎಡ್ಮಂಡ್ ಕ್ಯಾಂಪಿಯನ್ನನ ಜೀವನ, ಮತಾಂತರವೆಂಬ ವಿವಾದಗ್ರಸ್ತ ವಿಷಯವನ್ನು ಶಾಂತಚಿತ್ತದಿಂದ ತೂಗಿನೋಡಲು ನೆರವಾಗಬಲ್ಲದು.

1540ರಲ್ಲಿ ಲಂಡನ್ನಿನ ಪುಸ್ತಕವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ ಕ್ಯಾಂಪಿಯನ್ ಆಕ್ಸ್‌ಫರ್ಡಿನಲ್ಲಿ ಓದಿ, ಅಲ್ಲಿಯೇ ಅಧ್ಯಾಪಕನಾಗಿ, ವಾಗ್ಮಿಯೆಂದು ಹೆಸರಾದನು. 1566ರಲ್ಲಿ ಎಲಿಜಬೆತ್ ರಾಣಿ ಆ ವಿದ್ಯಾಪೀಠಕ್ಕೆ ಬಂದಾಗ ಅವಳೆದುರು ಮಾತನಾಡಿ ಮೆಚ್ಚುಗೆ ಪಡೆದನು. ರಾಣಿಯೇ ಚರ್ಚಿನ ಪರಮಾಧಿಕಾರಿಯೆಂಬ ಪ್ರಮಾಣವಚನವನ್ನು ಸ್ವೀಕರಿಸಿದನು; ಆಂಗ್ಲಿಕನ್ ಪೌರೋಹಿತ್ಯದ ಮೊದಲ ಮೆಟ್ಟಿಲಾದ ಡೀಕನ್ ದೀಕ್ಷೆಯನ್ನೂ ಪಡೆದನು. ಉನ್ನತ ಪದವಿಗಳ ದಾರಿ ಅವನ ಮುಂದೆ ತೆರೆದಿತ್ತು.

ಆದರೆ ಪ್ರಾಚೀನ ಧರ್ಮಾಚಾರ್ಯರ ಗ್ರಂಥಗಳನ್ನು ಓದಿದಷ್ಟೂ ಅವನ ಸಂಶಯ ಬೆಳೆಯಿತು. ದೀಕ್ಷೆ ಪಡೆದದ್ದೇ ಅವನನ್ನು ಬಾಧಿಸತೊಡಗಿತು. ಆಕ್ಸ್‌ಫರ್ಡನ್ನು ತೊರೆದು ಐರ್ಲೆಂಡಿಗೆ, ಅಲ್ಲಿಂದ ಮುಂದೆ ಡೂಏ ಪಟ್ಟಣಕ್ಕೆ ಹೋಗಿ ಕ್ಯಾಥೊಲಿಕ್ ಪಂಥವನ್ನು ಸೇರಿದನು. 1573ರಲ್ಲಿ ಯಾತ್ರಿಕನಂತೆ ಕಾಲ್ನಡೆಯಲ್ಲಿ ರೋಮನ್ನು ತಲುಪಿ ಜೆಸ್ಯೂಟ್ ಸಂಘಕ್ಕೆ ಸೇರಿದನು. 1578ರಲ್ಲಿ ಪ್ರಾಗ್ ನಗರದಲ್ಲಿ ಪಾದ್ರಿಯಾದನು.

1580ರಲ್ಲಿ ಆಭರಣ ವ್ಯಾಪಾರಿಯ ವೇಷದಲ್ಲಿ ತಾಯ್ನಾಡಿಗೆ ಮರಳಿದ ಆತ ಬೇಡಿದ್ದು ವಿದ್ವಾಂಸರ ಮುಂದೆ ಬಹಿರಂಗ ವಾದಕ್ಕೆ ಅವಕಾಶವನ್ನು. ಅವನು ಗುಟ್ಟಾಗಿ ಅಚ್ಚು ಮಾಡಿಸಿದ ‘ಹತ್ತು ಕಾರಣಗಳು’ ಎಂಬ ಲ್ಯಾಟಿನ್ ಗ್ರಂಥದ ಪ್ರತಿಗಳು 1581ರ ಜೂನ್‌ನಲ್ಲಿ ಆಕ್ಸ್‌ಫರ್ಡಿನ ಸೇಂಟ್ ಮೇರಿ ಚರ್ಚಿನ ಆಸನಗಳ ಮೇಲೆ ಕಾಣಿಸಿಕೊಂಡವು. ಮರುತಿಂಗಳೇ ಅವನ ಬಂಧನವಾಯಿತು. ಕೈಕಾಲುಗಳನ್ನು ಹಿಗ್ಗಿಸುವ ಯಂತ್ರದಲ್ಲಿ ಚಿತ್ರಹಿಂಸೆ ಕೊಟ್ಟ ಮೇಲೆ, ಸಿದ್ಧತೆಗೆ ಅವಕಾಶವಿಲ್ಲದೆ, ನಾಲ್ಕು ಬಾರಿ ವಾದಕ್ಕೆ ನಿಲ್ಲಿಸಿದರು. ರಾಜದ್ರೋಹದ ಆರೋಪದ ಮೇಲೆ 1581ರ ಡಿಸೆಂಬರ್ 1ರಂದು ಲಂಡನ್ನಿನ ಟೈಬರ್ನ್‌ನಲ್ಲಿ ಮರಣದಂಡನೆಯಾಯಿತು. 1970ರಲ್ಲಿ ಕ್ಯಾಥೊಲಿಕ್ ಚರ್ಚು ಅವನನ್ನು ಸಂತನೆಂದು ಸಾರಿತು.

ಆಳುವವರ ಭೀತಿಗೆ ಕಾರಣವಿರಲಿಲ್ಲವೆಂದು ಹೇಳಲಾಗದು. 1570ರಲ್ಲಿ ಪೋಪರು ಎಲಿಜಬೆತ್ ರಾಣಿಯನ್ನು ಬಹಿಷ್ಕರಿಸಿ, ಪ್ರಜೆಗಳು ಅವಳಿಗೆ ವಿಧೇಯರಾಗಿರಬೇಕಿಲ್ಲವೆಂದು ಘೋಷಿಸಿದ್ದರು. ಆದರೂ ಮಾಡಿದ ಕೃತ್ಯಕ್ಕೆ ಶಿಕ್ಷೆ ವಿಧಿಸುವುದು ಬೇರೆ, ಮನದೊಳಗಿನ ನಂಬಿಕೆಯನ್ನು ಕೆದಕಿ ಅದರಲ್ಲಿ ದ್ರೋಹವನ್ನು ಕಾಣುವುದು ಬೇರೆ.

ಈ ದೋಷ ಒಂದೇ ಪಂಥದ್ದೆಂದು ಬಗೆಯುವುದೂ ಸತ್ಯಕ್ಕೆ ದೂರವಾದೀತು. ಎಲಿಜಬೆತ್ತಳಿಗಿಂತ ಮೊದಲು, 1553ರಿಂದ 1558ರವರೆಗೆ ಆಳಿದ ಕ್ಯಾಥೊಲಿಕ್ ರಾಣಿ ಮೇರಿ ಮುನ್ನೂರಕ್ಕೆ ಸಮೀಪದಷ್ಟು ಪ್ರಾಟೆಸ್ಟಂಟರನ್ನು ಜೀವಂತ ಸುಡಿಸಿದ್ದಳು. ಈ ಇತಿಹಾಸದ ಒಂದು ಕವಲು ಕೊಂಕಣ ತೀರಕ್ಕೂ ಬಂದಿದೆ. ಪ್ರಾಟೆಸ್ಟಂಟ್ ಇಂಗ್ಲೆಂಡನ್ನು ಬಿಟ್ಟು ರೋಮಿನಲ್ಲಿ ಜೆಸ್ಯೂಟನಾದ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದು, ದೇಶಭಾಷೆಯನ್ನು ಕಲಿತು, ಓವಿ ಛಂದಸ್ಸಿನಲ್ಲಿ ‘ಕ್ರಿಸ್ತ ಪುರಾಣ’ವನ್ನು ರಚಿಸಿದನು, ಅದು 1616ರಲ್ಲಿ ಅಚ್ಚಾಯಿತು. ಅವನ ಕಾವ್ಯಸೇವೆ ಸ್ತುತ್ಯವೇ ಸರಿ. ಆದರೆ ಅದೇ ಗೋವೆಯಲ್ಲಿ 1560ರಿಂದಲೂ ಧರ್ಮವಿಚಾರಣೆಯ ನ್ಯಾಯಾಸ್ಥಾನ ಜನರ ಮನಸ್ಸಾಕ್ಷಿಯನ್ನು ಅಂಕೆಯಲ್ಲಿಟ್ಟಿತ್ತು. ಆ ಕಾಲದ ಕಿರುಕುಳಕ್ಕೆ ಬೇಸತ್ತ ಅನೇಕ ಕುಟುಂಬಗಳು ಕನ್ನಡ ಕರಾವಳಿಯಲ್ಲಿ ಆಶ್ರಯ ಪಡೆದವು. ಇಂಗ್ಲೆಂಡಿನಲ್ಲಿ ಪೀಡಿತವಾದ ಪಂಥವೇ ಗೋವೆಯಲ್ಲಿ ಪೀಡಕವಾಯಿತು.

ಆದಕಾರಣ ಮತಾಂತರದ ಪ್ರಶ್ನೆ ಬಂದಾಗ ‘ಯಾವ ಕಡೆಗೆ ಹೋದನು?’ ಎಂದು ಕೇಳುವುದಕ್ಕಿಂತ ‘ಹೇಗೆ ಹೋದನು?’ ಎಂದು ಕೇಳುವುದು ವಿವೇಕ. ಆಮಿಷಕ್ಕಾಗಿ ಹೋದನೇ? ಬಲಾತ್ಕಾರಕ್ಕೆ ಮಣಿದನೇ? ಅಥವಾ ಓದಿ, ಚಿಂತಿಸಿ, ಇದ್ದುದನ್ನು ಕಳೆದುಕೊಂಡು ಹೋದನೇ? ಮೊದಲನೆಯದು ವ್ಯಾಪಾರ, ಎರಡನೆಯದು ಅನ್ಯಾಯ, ಮೂರನೆಯದು ಮಾತ್ರ ಗೌರವಾರ್ಹ. ಕ್ಯಾಂಪಿಯನ್ನನ ಮತವನ್ನು ಒಪ್ಪದವರೂ ಅವನ ಪ್ರಾಮಾಣಿಕತೆಯನ್ನು ಒಪ್ಪಬಹುದು. ತನ್ನ ನಂಬಿಕೆಗಾಗಿ ಮೇರಿಯ ಕಾಲದಲ್ಲಿ ಬೆಂಕಿಗೆ ಬಿದ್ದ ಪ್ರಾಟೆಸ್ಟಂಟನಿಗೂ ಅದೇ ಅಳತೆಗೋಲು ಸಲ್ಲಬೇಕು. ಭಾರತದ ಸಂವಿಧಾನದ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಸಮಾನವಾಗಿ ಕೊಟ್ಟಿರುವುದರ ಮರ್ಮವೂ ಇದೇ.

ಅಧ್ಯಾಪಕರಿಗೆ ಈ ಚರಿತ್ರೆ ಮತ್ತೊಂದು ಎಚ್ಚರವನ್ನೂ ಕೊಡುತ್ತದೆ. ಓದು ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುವುದೆಂದು ಓದಿಸಿದವರು ಮೊದಲೇ ಕಟ್ಟುಮಾಡಲಾಗದು. ಕಲಿತದ್ದನ್ನು ಒರೆಗೆ ಹಚ್ಚುವ ಧೈರ್ಯವನ್ನು ವಿದ್ಯಾರ್ಥಿಗೆ ಕೊಡುವುದು ವಿದ್ಯಾಸಂಸ್ಥೆಯ ಧರ್ಮ. ಅವನ ತೀರ್ಮಾನ ತನಗೆ ಒಪ್ಪಿಗೆಯಾಗದಾಗಲೂ ಅವನ ಮಾತನ್ನು ಸಾವಧಾನದಿಂದ ಕೇಳುವುದು ಅದಕ್ಕಿಂತ ಕಠಿನವಾದ ಧರ್ಮ. ನುಡಿ ನಡೆಗಳು ಒಂದಾಗಿರಲೆಂದು ಮಕ್ಕಳಿಗೆ ಬೋಧಿಸುವ ಶಾಲೆ, ಆ ಐಕ್ಯಕ್ಕಾಗಿ ಬೆಲೆ ತೆತ್ತವರನ್ನು ಅವರು ಯಾವ ಮತದವರಾಗಿದ್ದರೂ ನೆನೆಯುವುದು ಯೋಗ್ಯವಾಗಿದೆ.