ಸ್ವಾರ್ಥದ ಪಾಠಶಾಲೆಗೆ ದಾನದ ಅನ್ನ

ಪರರಿಗಾಗಿ ತ್ಯಾಗ ಮಾಡುವುದು ಮನುಷ್ಯನ ಧರ್ಮವಲ್ಲ, ಸ್ವಾರ್ಥವೇ ಸದ್ಗುಣ ಎಂದು ಸಾರಿದವರು ಲೇಖಕಿ ಐನ್ ರ‍್ಯಾಂಡ್. 1905ರಲ್ಲಿ ರಷ್ಯದಲ್ಲಿ ಹುಟ್ಟಿ, 1926ರಲ್ಲಿ ಅಮೇರಿಕಕ್ಕೆ ಹೋಗಿ, 1982ರಲ್ಲಿ ತೀರಿಕೊಂಡರು. 1943ರ ‘ಫೌಂಟನ್‌ಹೆಡ್’, 1957ರ ‘ಅಟ್ಲಾಸ್ ಶ್ರಗ್ಡ್’ ಕಾದಂಬರಿಗಳು ಬೆಂಗಳೂರಿನ ಫುಟ್‌ಪಾತಿನ ಪುಸ್ತಕ ರಾಶಿಯಲ್ಲೂ ಸಿಗುತ್ತವೆ. ನಮ್ಮ ತರುಣರೂ ಓದುತ್ತಾರೆ. ಓದಲಿ. ಪುಸ್ತಕಕ್ಕೆ ಹೆದರುವವರು ನಾವಲ್ಲ.

ಆಕೆಯ ತತ್ತ್ವದ ಪ್ರಚಾರಕ್ಕೆಂದೇ 1985ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಐನ್ ರ‍್ಯಾಂಡ್ ಇನ್‌ಸ್ಟಿಟ್ಯೂಟ್ ಹುಟ್ಟಿತು. ಶಾಲೆಗಳಿಗೆ ಆಕೆಯ ಕಾದಂಬರಿಗಳನ್ನು ಲಕ್ಷಗಟ್ಟಲೆ ಪುಕ್ಕಟೆ ಹಂಚುವುದು. ಪ್ರಬಂಧ ಸ್ಪರ್ಧೆ ನಡೆಸಿ ಹಣದ ಬಹುಮಾನ ಕೊಡುವುದು. ಬೇಸಿಗೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ಕರೆಸಿ ಬರವಣಿಗೆಯಲ್ಲಿ ಪಳಗಿಸುವುದು. ಮೊದಲು ಓದುಗ, ಆಮೇಲೆ ಸ್ಪರ್ಧಿ, ಕೊನೆಗೆ ಪ್ರಚಾರಕ. ಏಣಿಯನ್ನು ಜಾಣತನದಿಂದಲೇ ಕಟ್ಟಿದ್ದಾರೆ.

ಈ ಏಣಿಗೆ ಹಣ ಎಲ್ಲಿಂದ? ದಾನದಿಂದ! ಅದೂ ತೆರಿಗೆ ವಿನಾಯಿತಿಯುಳ್ಳ ದಾನದಿಂದ. ಮಾರುಕಟ್ಟೆಯೇ ಪರಮ ನ್ಯಾಯಾಧೀಶ ಎನ್ನುವವರು ತಮ್ಮ ಪಾಠಶಾಲೆಯನ್ನು ಮಾತ್ರ ಆ ನ್ಯಾಯಾಧೀಶನ ಮುಂದೆ ನಿಲ್ಲಿಸಿಲ್ಲ. ಅವರ ಉತ್ತರ ನಮಗೆ ಗೊತ್ತು: ದಾನಿ ತಾನು ಮೆಚ್ಚಿದ ಮೌಲ್ಯಕ್ಕಾಗಿ ಕೊಡುತ್ತಾನೆ, ಅದು ತ್ಯಾಗವಲ್ಲ. ಒಳ್ಳೆಯದು. ಹಾಗಾದರೆ ಗಿರಣಿಯ ಕಾರ್ಮಿಕ ತನ್ನ ಸಂಘಕ್ಕೆ ಚಂದಾ ಕೊಡುವುದೂ, ಜೊತೆಗಾರನಿಗಾಗಿ ಮುಷ್ಕರ ಹೂಡುವುದೂ ತಾನು ಮೆಚ್ಚಿದ ಮೌಲ್ಯಕ್ಕಾಗಿಯೇ ಅಲ್ಲವೆ? ಧನಿಕ ಕೊಟ್ಟರೆ ವಿವೇಕ, ಬಡವ ಕೊಟ್ಟರೆ ಮೌಢ್ಯ ಎಂಬ ತತ್ತ್ವ ಯಾವ ತರ್ಕಶಾಸ್ತ್ರದಲ್ಲಿದೆ?

ವಿದ್ಯಾರ್ಥಿಗಳ ವಿಷಯದಲ್ಲಿ ಈ ತತ್ತ್ವದ ನಿಜಬಣ್ಣ 1966ರಲ್ಲೇ ಬಯಲಾಯಿತು. ಸರ್ಕಾರದ ವಿದ್ಯಾರ್ಥಿವೇತನ ಪಡೆಯಬಹುದೆ ಎಂಬ ಪ್ರಶ್ನೆಗೆ ರ‍್ಯಾಂಡ್ ಒಂದು ಲೇಖನವನ್ನೇ ಬರೆದರು. ಅಂಥ ವೇತನವನ್ನು ವಿರೋಧಿಸುವವನು ಅದನ್ನು ತನ್ನಿಂದ ಕಿತ್ತುಕೊಂಡ ತೆರಿಗೆಯ ಪರಿಹಾರವೆಂದು ಪಡೆಯಬಹುದು. ಅದು ಬೇಕೆಂದು ವಾದಿಸುವವನಿಗೆ ಮಾತ್ರ ಅದರ ಹಕ್ಕಿಲ್ಲ. ಇದು ಅದರ ಸಾರ. ಗಮನಿಸಿ ಮಿತ್ರರೇ! ಇಲ್ಲಿ ನೋಡುವುದು ವಿದ್ಯಾರ್ಥಿಯ ಬಡತನವನ್ನಲ್ಲ, ಅವನ ಬುದ್ಧಿಯನ್ನೂ ಅಲ್ಲ, ಅವನ ಅಭಿಪ್ರಾಯವನ್ನು. ಅದೇ ವಾದ 2020ರಲ್ಲಿ ಸಂಸ್ಥೆಯ ಕೈಹಿಡಿಯಿತು. ಕೊರೋನಾ ಕಾಲದಲ್ಲಿ ಅಮೇರಿಕ ಸರ್ಕಾರದ ನೆರವಿನ ಯೋಜನೆಯಿಂದ 3.5 ಲಕ್ಷ ಮತ್ತು 10 ಲಕ್ಷ ಡಾಲರುಗಳ ನಡುವಿನ ಸಾಲವನ್ನು ಅದು ಪಡೆಯಿತು, ಪರಿಹಾರವೆಂದೇ ಸಮರ್ಥಿಸಿಕೊಂಡಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ!

ಬೇಸಿಗೆಯ ಬರವಣಿಗೆಯ ತರಬೇತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಬಡವರ ಮಕ್ಕಳಿಗೆ ಬೇಸಿಗೆ ಎಂದರೆ ರಜೆಯಲ್ಲ, ಮುಂದಿನ ವರ್ಷದ ಫೀಸು ದುಡಿಯುವ ಕಾಲ. ಅಮೇರಿಕದಲ್ಲಿ ಕನಿಷ್ಠ ವೇತನದ ಕಾನೂನು 1938ರಲ್ಲೇ ಬಂತು. ಆದರೆ ರೈಲ್ವೆಯ ಕೆಲಸ ಕಲಿಯಲು ಬಂದವರು ನೌಕರರಲ್ಲವೆಂದು 1947ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಹೆಚ್ಚಿನ ಪ್ರಯೋಜನ ಯಾರಿಗೆ, ಕಲಿಯುವವನಿಗೋ ಕಲಿಸುವವನಿಗೋ ಎಂಬ ಒರೆಗಲ್ಲನ್ನು 2018ರಲ್ಲಿ ಕಾರ್ಮಿಕ ಇಲಾಖೆ ಖಾಸಗಿ ಕಂಪೆನಿಗಳಿಗೆ ಒಪ್ಪಿಕೊಂಡಿತು. ದಾನದಿಂದ ನಡೆಯುವ ಸಂಸ್ಥೆಗಳಿಗೆ ಕಾನೂನು ಇನ್ನೂ ಸಡಿಲ.

ಕಾನೂನು ಸಡಿಲವಾದರೂ ಒರೆಗಲ್ಲನ್ನು ನಾವು ಕೈಬಿಡಬೇಕಾಗಿಲ್ಲ. ತತ್ತ್ವ ಪ್ರಚಾರಕ್ಕೆಂದೇ ಇರುವ ಸಂಸ್ಥೆಯಲ್ಲಿ ವಿದ್ಯಾರ್ಥಿ ಬರೆದ ಲೇಖನದ ತೀರ್ಮಾನ, ಅವನು ಕಾಗದ ಮುಟ್ಟುವ ಮೊದಲೇ ಸಿದ್ಧವಾಗಿರುತ್ತದೆ. ಅವನಿಗೆ ಉಳಿಯುವುದು ವಾಕ್ಯ ತಿದ್ದುವ ಕೆಲಸ. ಅದು ಕಸುಬು, ನಿಜ. ಕಸುಬು ಕಲಿಯುವುದು ಅವಮಾನವಲ್ಲ. ಆದರೆ ಅದನ್ನು ತತ್ತ್ವಶಾಸ್ತ್ರದ ಶಿಕ್ಷಣವೆಂದು ಕರೆಯಬಾರದು. ಪ್ರಚಾರದ ಕೆಲಸವಾದರೆ ಪ್ರಚಾರದ ಕೂಲಿ ಕೊಡಿ. ಶಿಕ್ಷಣವಾದರೆ ‘ನಿಮ್ಮ ಗುರುವಿನ ಮಾತು ತಪ್ಪು’ ಎಂದು ಬರೆಯುವ ಸ್ವಾತಂತ್ರ್ಯ ಕೊಡಿ. ಎರಡನ್ನೂ ಕೊಡದವರು ತರುಣರಿಂದ ಪಡೆಯುವುದು ದುಡಿಮೆಯನ್ನಷ್ಟೇ ಅಲ್ಲ, ಇನ್ನೂ ಬಲಿಯದ ವಿವೇಚನೆಯನ್ನು.

ಈ ಮಾತು ಒಂದೇ ಸಂಸ್ಥೆಗೆ ಸೀಮಿತವಲ್ಲ. ಮಠ, ಪಕ್ಷ, ಧನಿಕರ ಪ್ರತಿಷ್ಠಾನ, ಸಮಾಜವಾದಿಗಳ ಶಿಬಿರ, ಎಲ್ಲಕ್ಕೂ ಇದೇ ನಿಯಮ. ವಿದ್ಯಾರ್ಥಿ ಮಿತ್ರರು ಅರ್ಜಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳಲಿ: ನನ್ನ ಊಟ, ವಸತಿ, ಕೂಲಿ ಏನು? ನನ್ನ ಬರಹ ಯಾರ ಸೊತ್ತು? ನಿಮಗೆ ವಿರುದ್ಧವಾಗಿ ಬರೆದರೆ ಅಚ್ಚು ಹಾಕುತ್ತೀರಾ?

ಮೂರನೆಯ ಪ್ರಶ್ನೆಗೆ ಉತ್ತರ ತಡವಾದರೆ ಅಲ್ಲಿ ಕಲಿಸುವುದು ತತ್ತ್ವಶಾಸ್ತ್ರವಲ್ಲವೆಂದು ತಿಳಿಯಿರಿ.