ಹಾಜರಿ ಪುಸ್ತಕದಲ್ಲಿಲ್ಲದ ತಾಯಿ

ಹಾಸ್ಟೆಲಿನಲ್ಲಿ ದಿನಾ ನಮ್ಮ ಹಾಜರಿ ಕೂಗುತ್ತಾರೆ. ಎರಡು ದಿನ ಕಾಣದಿದ್ದರೆ ವಾರ್ಡನ್ ಕರೆಸಿ ಕೇಳುತ್ತಾರೆ. ನಮ್ಮ ಹೆಸರು ಆ ಪುಸ್ತಕದಲ್ಲಿ ಇರೋದರಿಂದಲೇ ನಮ್ಮ ಲೆಕ್ಕದ ಅಕ್ಕಿ ಬರುತ್ತೆ, ಬೇಳೆ ಬರುತ್ತೆ. ಆ ಅಕ್ಕಿ ಬೇಯಿಸುವವರ ಹೆಸರು ಯಾವ ಪುಸ್ತಕದಲ್ಲಿದೆ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ?

ನಾನು ಬಿ.ಎ. ಓದುವಾಗ ಇದ್ದ ಹಾಸ್ಟೆಲಿನಲ್ಲಿ ಒಬ್ಬ ಅಡುಗೆ ಅಕ್ಕ ಇದ್ದರು. ನಮ್ಮಂಥದೇ ಕೇರಿಯವರು. ಹೆರಿಗೆಗೆ ಅಂತ ಹೋದವರು ಒಂದು ತಿಂಗಳಿಗೇ ತಿರುಗಿ ಬಂದರು. ಇನ್ನೂ ಹಸಿ ಬಾಣಂತಿ. ತಲೆಗೆ ಬಟ್ಟೆ ಕಟ್ಟಿಕೊಂಡೇ ಬೆಳಗಿನ ಜಾವ ಐದಕ್ಕೆ ಒಲೆಯ ಮುಂದೆ. ಕೂಸು ಮನೆಯಲ್ಲಿ ಅಜ್ಜಿಯ ಹತ್ತಿರ. ಒಂದು ದಿನ ಸಾರು ಬಡಿಸುವಾಗ ಅವರ ಕುಪ್ಪಸ ಎದೆಯ ಹತ್ತಿರ ಒದ್ದೆಯಾಗಿತ್ತು. ಸಾಲಿನಲ್ಲಿದ್ದ ಹುಡುಗರು ಮುಸಿಮುಸಿ ನಕ್ಕರು. ನಾನೂ ನಕ್ಕೆ. ಅಕ್ಕ ಸೆರಗು ಎಳಕೊಂಡು ಬಡಿಸುತ್ತಲೇ ಇದ್ದರು.

ಮನೆಯಲ್ಲಿ ಅಳುತ್ತಿದ್ದ ಕೂಸಿನ ಹಾಲು ಅದು. ನಾವು ನಕ್ಕಿದ್ದು ನಮ್ಮದೇ ಕೇರಿಯ ಒಂದು ಕೂಸಿನ ಹಸಿವಿಗೆ.

ಆಮೇಲೆ ಕೇಳಿದೆ, "ಯಾಕಕ್ಕ ಇಷ್ಟು ಬೇಗ ಬಂದ್ರಿ?" "ಬರ್ದಿದ್ರೆ ಬೇರೆಯೋರ್ನ ಹಾಕ್ಕೊತೀವಿ ಅಂದ್ರಪ್ಪ ಏಜೆನ್ಸಿಯೋರು." "ಕಾನೂನು ಐತಲ್ಲಕ್ಕ?" "ಅದು ಪರ್ಮನೆಂಟಿನೋರಿಗೆ ಕಣಪ್ಪ."

ಗೆಳೆಯರೇ, ಅದು ಸುಳ್ಳು. ಅಕ್ಕ ಹೇಳಿದ ಸುಳ್ಳಲ್ಲ, ಅಕ್ಕನಿಗೆ ಹೇಳಿದ ಸುಳ್ಳು.

ಕಾನೂನು ಏನು ಹೇಳುತ್ತೆ ನೋಡಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದದ್ದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಅದು ಜಾರಿಗೆ ಬಂದಿದೆ. ಹೆತ್ತ ಆರು ವಾರ ಯಾವ ಮಾಲೀಕನೂ ಗೊತ್ತಿದ್ದೂ ಆಕೆಯನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಕೆಲಸಕ್ಕೆ ತಿರುಗಿ ಬಂದ ಮೇಲೆ ಕೂಸಿಗೆ 15 ತಿಂಗಳು ತುಂಬುವ ತನಕ, ಊಟದ ಬಿಡುವು ಬಿಟ್ಟು, ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು. ಆ ಬಿಡುವಿಗೆ ಕೂಲಿ ಹಿಡಿಯುವಂತಿಲ್ಲ. 50 ಜನ ದುಡಿಯುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು.

ಪರ್ಮನೆಂಟಿನವರಿಗೆ ಮಾತ್ರವೇ? ದೆಹಲಿಯಲ್ಲಿ ಮಸ್ಟರ್ ರೋಲಿನ ಮೇಲೆ ರಸ್ತೆ ಅಗೆಯುತ್ತಿದ್ದ ಹೆಣ್ಣಾಳುಗಳು ಇದೇ ಪ್ರಶ್ನೆ ಎತ್ತಿದರು. ಕಾಯಂ ನೌಕರರಿಗಷ್ಟೇ ಕೊಡುತ್ತೇವೆ ಅಂದಿತು ಅಲ್ಲಿನ ಪಾಲಿಕೆ. 2000ದಲ್ಲಿ ಸುಪ್ರೀಂ ಕೋರ್ಟ್ ದಿನಗೂಲಿಯವರಿಗೂ ಈ ಹಕ್ಕು ಇದೆ ಅಂತ ತೀರ್ಪು ಕೊಟ್ಟಿತು. ತೀರ್ಪು ಬಂದು ಇಷ್ಟು ವರ್ಷವಾದರೂ ಅದು ನಮ್ಮ ಹಾಸ್ಟೆಲಿನ ಅಡುಗೆಮನೆಗೆ ಬಂದಿಲ್ಲ.

ಇದು ನಮಗೆ ಯಾರೋ ಕೊಟ್ಟ ಭಿಕ್ಷೆಯೂ ಅಲ್ಲ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಬಾಬಾಸಾಹೇಬರು ಎದ್ದು ನಿಂತು ಅದರ ಪರವಾಗಿ ಮಾತಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗೋದು ಇಡೀ ದೇಶದ ಹಿತ ಅಂತ ವಾದಿಸಿದರು. 1929ರಲ್ಲಿ ಅದು ಕಾಯ್ದೆಯಾಯಿತು, ಕಾರ್ಖಾನೆಯ ಹೆಂಗಸರಿಗೆ. ಆಮೇಲೆ ಸಂವಿಧಾನದ 42ನೇ ವಿಧಿಯಲ್ಲೂ ಹೆರಿಗೆಯ ನೆರವಿನ ಮಾತು ಸೇರಿತು. ನಾವು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುತ್ತೇವೆ. ಅದೇ ಗೋಡೆಯ ಆಚೆ ಒಲೆ ಊದುವ ಬಾಣಂತಿಗೆ ಅವರ ಮಾತು ಮುಟ್ಟಿಲ್ಲ.

ಯಾಕೆ ಮುಟ್ಟಿಲ್ಲ? ನನಗೆ ಕಾಣುವ ಕಾರಣ ಒಂದೇ. ಈ ಕಾನೂನು ನಿಂತಿರೋದು ಹಾಜರಿ ಪುಸ್ತಕದ ಮೇಲೆ. ರಜೆಯ ಸಂಬಳ ಬೇಕಾದರೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದದ್ದಕ್ಕೆ ದಾಖಲೆ ಬೇಕು. ಅಂಗಡಿ, ಸಂಸ್ಥೆಗಳಾದರೆ ಹತ್ತು ಜನ ಇರಬೇಕು. ಕೂಸಿನ ಕೋಣೆಗೆ 50 ಜನ ಇರಬೇಕು. ಕಾನೂನಿನಲ್ಲಿ ಜಾತಿ ಇಲ್ಲ, ಬರೀ ಎಣಿಕೆ ಇದೆ. ಆದರೆ ಆ ಎಣಿಕೆಯಿಂದ ಹೊರಗೆ ಉಳಿಯುವವರು ಯಾರು? ಗೌಡರ ಗದ್ದೆಯಲ್ಲಿ ನಾಟಿ ಹಾಕುವವರು. ಸಾಹುಕಾರರ ಮನೆ ಮುಸುರೆ ತಿಕ್ಕುವವರು. ಗಾರೆ ಹೊರುವವರು. ಬೀದಿ ಗುಡಿಸುವವರು. ಹಾಸ್ಟೆಲಿನಲ್ಲಿ ಎಣಿಸಿದರೆ ಅಡುಗೆಯವರು ನಾಲ್ಕೇ ಜನ. ಅದೇ ಏಜೆನ್ಸಿಯ ಪಟ್ಟಿ ತೆಗೆಸಿ ಜಿಲ್ಲೆಗೆಲ್ಲ ಸೇರಿಸಿ ಎಣಿಸಿದರೆ? ಹೆಂಗಸರನ್ನು ನಾಲ್ಕು ನಾಲ್ಕಾಗಿ ಒಡೆದು ಇಟ್ಟರೆ ಕಾನೂನಿಗೆ ಅವರು ಕಾಣುವುದೇ ಇಲ್ಲ. ಊರ ಹೊರಗೆ ಇಟ್ಟವರನ್ನು ಈಗ ಪುಸ್ತಕದ ಹೊರಗೂ ಇಟ್ಟಿದ್ದಾರೆ.

ನಮ್ಮಲ್ಲೇ ಕೆಲವು ಗೆಳೆಯರು ಅನ್ನುತ್ತಾರೆ, "ಮೊದಲು ಭೂಮಿ, ಕೂಲಿ, ದೌರ್ಜನ್ಯ. ಮೊಲೆಹಾಲಿನ ವಿಷಯ ಹೆಂಗಸರು ನೋಡಿಕೊಳ್ಳಲಿ." ನಾನು ಒಪ್ಪುವುದಿಲ್ಲ. ಹಾಲೂಡಿಸುವ ಬಿಡುವಿಗೆ ಕೂಲಿ ಹಿಡಿದರೆ ಅದು ಕೂಲಿಯ ಪ್ರಶ್ನೆಯಲ್ಲವೇ? ತಿಂಗಳ ಬಾಣಂತಿಯನ್ನು ಕೆಲಸ ಕಿತ್ತುಕೊಳ್ಳುತ್ತೇನೆ ಅಂತ ಹೆದರಿಸಿದರೆ ಅದು ದೌರ್ಜನ್ಯವಲ್ಲವೇ? ನಮ್ಮಲ್ಲಿ ಎಷ್ಟು ಜನರನ್ನು ಅವ್ವ ಬದುವಿನ ಮರಕ್ಕೆ ಸೀರೆ ಜೋಲಿ ಕಟ್ಟಿ, ಅಳು ಕೇಳಿದರೂ ಮೇಸ್ತ್ರಿಗೆ ಹೆದರಿ ಬಗ್ಗಿಸಿದ ಸೊಂಟ ಎತ್ತದೆ ಬೆಳೆಸಿಲ್ಲ? ನಮ್ಮ ಹೋರಾಟ ಆ ಜೋಲಿಯಿಂದಲೇ ಶುರುವಾಗಬೇಕಿತ್ತು.

ಹಾಗಾದರೆ ಏನು ಮಾಡೋಣ? ಘೋಷಣೆ ಆಮೇಲೆ. ಮೊದಲು ನಿಮ್ಮ ನಿಮ್ಮ ಹಾಸ್ಟೆಲಿನ ಅಡುಗೆಯವರ ಹತ್ತಿರ ಕೂತು ಕೇಳಿ. ಅಕ್ಕ, ನಿಮ್ಮ ಹಾಜರಿ ಯಾರು ಬರೀತಾರೆ? ಸಂಬಳದ ಚೀಟಿ ಕೊಡ್ತಾರಾ? ಇ.ಎಸ್.ಐ. ಹಿಡೀತಾರಾ? ಹಿಡಿಯುತ್ತಿದ್ದರೆ ಹೆರಿಗೆ ರಜೆಯ ಹಣ ಇ.ಎಸ್.ಐ.ನಿಂದಲೇ ಬರಬೇಕು. ಅವರನ್ನು ಕೇಳದೆ ನಾವೇ ಮುಂದೆ ನುಗ್ಗಿ ಅರ್ಜಿ ಬರೆಯುವುದು ಬೇಡ. ಒಬ್ಬರ ಹೆಸರು ಮುಂದೆ ಬಂದರೆ ಒಬ್ಬರ ಕೆಲಸ ಹೋಗುತ್ತೆ. ಎಲ್ಲ ಅಡುಗೆಯವರೂ ಒಟ್ಟಿಗೆ ಒಪ್ಪಲಿ, ಆಮೇಲೆ ಕಾರ್ಮಿಕ ಇಲಾಖೆಗೆ ಅರ್ಜಿ. ಬರೆಯುವ ಕೈ ನಮ್ಮದಾಗಲಿ, ಮಾತು ಅವರದಾಗಲಿ. ಅದರ ಕೆಳಗೆ ಅಲ್ಲಿ ಉಣ್ಣುವ ನಾವೆಲ್ಲರೂ ಸಹಿ ಹಾಕೋಣ.

ಅಷ್ಟೂ ಆಗದಿದ್ದರೆ ಒಂದು ಕೆಲಸ ಮಾಡಿ. ಬಡಿಸುವ ಅಕ್ಕನ ಕುಪ್ಪಸ ಒದ್ದೆಯಾಗಿದ್ದು ಕಂಡರೆ ನಗಬೇಡಿ. ಅವರ ಕೈಯಿಂದ ಸೌಟು ಇಸಕೊಂಡು, "ಹೋಗಿ ಬನ್ನಿ ಅಕ್ಕ, ಮಗೂಗೆ ಹಾಲು ಕೊಟ್ಟು ಬನ್ನಿ, ನಾವು ಬಡಿಸ್ತೀವಿ" ಅನ್ನಿ. ನಾನು ಆವತ್ತು ಅನ್ನಲಿಲ್ಲ.

ಜೈ ಭೀಮ್.