ನೋವಿನ ಹಾಸಿಗೆ, ನಿದ್ರೆಯ ಹಾಸಿಗೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಚರಕಸಂಹಿತೆಯು ಶರೀರದ ಉಪಸ್ತಂಭಗಳೆಂದು ಎಣಿಸಿದೆ. ನಡುವಣ ಕಂಬವು ಅಲುಗಿದರೆ ಮನೆಯೇ ನಡುಗುವುದೆಂಬುದನ್ನು ಬಹುಕಾಲದ ನೋವಿನಿಂದ ಬಳಲುವವರ ಮನೆಯವರು ಚೆನ್ನಾಗಿ ಬಲ್ಲರು. ಕಾರವಾರದ ಬೈತಖೋಲದಲ್ಲಿ ಬಲೆಯೆಳೆದು ಸೊಂಟ ನೊಂದವನು, ಅಂಕೋಲೆಯ ಗದ್ದೆಗಳಲ್ಲಿ ಬಾಗಿ ನಾಟಿಮಾಡಿ ಮೊಣಕಾಲು ಸವೆದವಳು, ಮೀನಿನ ಬುಟ್ಟಿ ಹೊತ್ತು ಕತ್ತು ಹಿಡಿದವಳು, ಇಂಥವರಿಗೆ ಹಗಲು ಹೇಗೋ ಕಳೆಯುವುದು. ಇರುಳು ಮಾತ್ರ ಕಳೆಯದು.

ನೋವಿದ್ದರೆ ನಿದ್ರೆ ಕೆಡುವುದೆಂಬುದು ಸರ್ವವಿದಿತ. ನಿದ್ರೆಗೆಟ್ಟ ಶರೀರವು ಅದೇ ನೋವನ್ನು ಹೆಚ್ಚು ತೀಕ್ಷ್ಣವಾಗಿ ಅನುಭವಿಸುವುದೆಂಬುದು ಅಷ್ಟು ವಿದಿತವಲ್ಲ. ಇದು ಬೀಜವೃಕ್ಷನ್ಯಾಯ, ಒಂದು ಇನ್ನೊಂದನ್ನು ಹುಟ್ಟಿಸುತ್ತಲೇ ಇರುವುದು. "ಇಂದೂ ನಿದ್ರೆ ಬಾರದು, ನಾಳೆ ಏಳಲಾರೆ" ಎಂಬ ಚಿಂತೆಯು ಇದಕ್ಕೆ ನೀರೆರೆಯುವುದು.

ಇಂಥ ಸಮಯದಲ್ಲಿ ಮನೆಯವರು ಮಾಡುವುದೇನು? "ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ, ಪಾಪ, ಮಲಗಿರಲಿ" ಎಂದು ಹಾಸಿಗೆಯನ್ನು ಮಡಿಸದೆ ಬಿಡುವರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಹೊರಗೆ ಮಳೆ, ಒಳಗೆ ಹಾಸಿಗೆ ಎಂಬಂತಾಗುವುದು. ಈ ದಯೆಯೇ ರೋಗಕ್ಕೆ ಪೋಷಣೆ. ಹಗಲಿನ ತೂಕಡಿಕೆಯಿಂದ ನಿದ್ರೆಯ ಹಸಿವು ತೀರಿಹೋಗುವುದು. ಹಾಸಿಗೆಯೆಂದರೆ ಹೊರಳಾಡುವ ಸ್ಥಳವೆಂದು ಮನಸ್ಸು ಕಲಿತುಬಿಡುವುದು.

ಕಲಿತುದನ್ನು ಮರೆಸುವ ಚಿಕಿತ್ಸೆಯೊಂದುಂಟು. ನಿದ್ರಾಹೀನತೆಗೆ ಮಾಡುವ ಈ ಮನೋಚಿಕಿತ್ಸೆಯು ಆಲೋಚನೆ, ಅಭ್ಯಾಸಗಳೆರಡನ್ನೂ ತಿದ್ದುವಂಥದು. ಸಾಮಾನ್ಯವಾಗಿ ಆರರಿಂದ ಎಂಟು ಭೇಟಿಗಳಲ್ಲಿ ಮುಗಿಯುವುದು. 1972ರಲ್ಲಿ ಅಮೆರಿಕದ ರಿಚರ್ಡ್ ಬೂಟ್‌ಜಿನ್ ಎಂಬವರು ಇದರ ಒಂದು ಅಂಗವನ್ನು ಪ್ರಕಟಿಸಿದರು: ನಿದ್ರೆ ಹತ್ತಿದಾಗಲೇ ಮಲಗತಕ್ಕದ್ದು, ಸ್ವಲ್ಪ ಹೊತ್ತಿನಲ್ಲಿ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಕುಳಿತು, ಮತ್ತೆ ಹತ್ತಿದಾಗ ಬರತಕ್ಕದ್ದು, ಬೆಳಿಗ್ಗೆ ಏಳುವ ಗಳಿಗೆ ನಿತ್ಯವೂ ಒಂದೇ. ಮೊಣಕಾಲು ನೋವಿನವರಿಗೆ ಏಳುವುದೇ ಕಷ್ಟವಾದುದರಿಂದ, ಪಕ್ಕದಲ್ಲಿಯೇ ಒರಗುಕುರ್ಚಿಯೊಂದಿರಲಿ. 1987ರಲ್ಲಿ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು ಇನ್ನೊಂದು ಅಂಗವನ್ನು ವಿವರಿಸಿದರು. ಒಂಬತ್ತು ತಾಸು ಮಲಗಿ ಐದೂವರೆ ತಾಸು ಮಾತ್ರ ನಿದ್ರಿಸುವವನು ಹಾಸಿಗೆಯಲ್ಲಿ ಐದೂವರೆ ತಾಸೇ ಇರಬೇಕು. ನಿದ್ರೆ ಗಟ್ಟಿಯಾದಂತೆ ಹದಿನೈದು ನಿಮಿಷಗಳಂತೆ ಹೆಚ್ಚಿಸಬೇಕು. ಮೊದಲ ವಾರಗಳಲ್ಲಿ ಹಗಲು ಜೊಂಪು ಹತ್ತುವುದರಿಂದ ವಾಹನ, ದೋಣಿ ನಡೆಸುವವರೂ ಅಪಸ್ಮಾರ ಇಲ್ಲವೆ ಉನ್ಮಾದದ ಪ್ರಕೃತಿಯುಳ್ಳವರೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಮಾಡಬಾರದು. ನಿದ್ರೆಯ ಗುಳಿಗೆಯನ್ನೂ ಒಮ್ಮೆಲೆ ಬಿಡಬಾರದು.

ಬಹುಕಾಲದ ನೋವುಳ್ಳವರಲ್ಲಿಯೂ ಈ ಚಿಕಿತ್ಸೆಯನ್ನು ಪರೀಕ್ಷಿಸಿರುವರು. ನಿದ್ರೆಯು ಚೆನ್ನಾಗಿ ಸುಧಾರಿಸುವುದು. ನೋವು ತಗ್ಗುವುದು ಅಲ್ಪವೇ. ಆದರೆ ಉಳಿದ ನೋವನ್ನು ಹೊರುವ ಶಕ್ತಿಯು ನಿದ್ರಿಸಿದವನಿಗೆ ಇರುವಷ್ಟು ನಿದ್ರಿಸದವನಿಗೆ ಇರದು. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ, ಬಹುಕಾಲದ ನಿದ್ರಾಹೀನತೆಯಿರುವ ಎಲ್ಲ ವಯಸ್ಕರಿಗೂ ಔಷಧಕ್ಕಿಂತ ಮೊದಲು ಇದನ್ನೇ ಕೊಡಬೇಕೆಂದು ಹೇಳಿತು.

ನಮ್ಮ ಕಡೆಯವರು ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ವಿಚಾರಿಸಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416 ಎಂಬ ಸಂಖ್ಯೆಗೆ, ಹಣವಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. "ಮನಸ್ಸಿನ ವೈದ್ಯರೇಕೆ, ನನ್ನ ನೋವು ಸುಳ್ಳೆ?" ಎಂದು ರೋಗಿಯು ನೊಂದುಕೊಂಡಾನು. ಸುಳ್ಳಲ್ಲವೆಂದು ಮೊದಲು ಹೇಳಿರಿ. ಬಳಿಕ ಗೃಹಸ್ಥರು ಮಾಡಬೇಕಾದುದು ಇಷ್ಟೆ: ಬೆಳಗಾದೊಡನೆ ಹಾಸಿಗೆಯನ್ನು ಮಡಿಸಿರಿ, ಗಡಿಯಾರವನ್ನು ಗೋಡೆಗೆ ಮುಖಮಾಡಿಸಿರಿ, "ಮಲಗಿರು" ಎನ್ನುವ ಬದಲು "ಬಾ, ಜಗುಲಿಯಲ್ಲಿ ಕೂಡೋಣ" ಎನ್ನಿರಿ.